11 ದಿನದ ರಜೆಯಲ್ಲಿ ಕಾಲಾನಾಗ್ ಹತ್ತಬಹುದೇ?

ಪ್ರಶ್ನೆ: ನಾವು ಪಿಂಪ್ರಿ–ಚಿಂಚವಡದಲ್ಲಿ ನೆಲೆಸಿರುವ ಆರು ಜನ ಕನ್ನಡಿಗರು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆಗಿದ್ದೇವೆ. ವಯಸ್ಸು 27ರಿಂದ 54ರವರೆಗೆ ಇದೆ. ಭಾನುವಾರ ಬಂತೆಂದರೆ ಸಿಂಹಗಡ ಹತ್ತುತ್ತೇವೆ. ರಾಜಗಡ–ತೋರಣಾ, ಕಳಸೂಬಾಯಿ ಮುಗಿಸಿದ್ದೇವೆ. ಹಿಮಾಲಯದಲ್ಲಿ ಹರ್ ಕಿ ದೂನ್ ಮತ್ತು ರೂಪಿನ್ ಪಾಸ್ ಚಾರಣ ಮಾಡಿದ್ದೇವೆ. ಬರುವ ಸೆಪ್ಟೆಂಬರಿನಲ್ಲಿ ಗೈಡ್‌ಗಳ ನೆರವಿನಿಂದ ಉತ್ತರಕಾಶಿ ಜಿಲ್ಲೆಯ ಕಾಲಾನಾಗ್ ಶಿಖರ ಹತ್ತಬೇಕೆಂಬ ಆಸೆ. ಒಂದು ಸಂಸ್ಥೆ ‘ಹಿಂದಿನ ಅನುಭವ ಬೇಕಿಲ್ಲ, ಡೆಹ್ರಾಡೂನಿನಿಂದ ಹೊರಟು 11 ದಿನದಲ್ಲಿ ವಾಪಸ್’ ಎನ್ನುತ್ತಿದೆ. ಇನ್ನೊಂದು 16 ದಿನ ಕೇಳುತ್ತಿದೆ, ಅದರ ದರವೂ ಹೆಚ್ಚು. ಯಾವುದನ್ನು ಆರಿಸಿಕೊಳ್ಳಬೇಕು? ತಯಾರಿ ಹೇಗಿರಬೇಕು? ಗುಂಪಿನ ಹಿರಿಯರಾದ ನಮ್ಮ ಕಾಕಾ ಅವರಿಗೆ ಬಿಪಿ ಇದೆ, ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರು ಬರಬಹುದೇ?

ಉತ್ತರ: 11 ದಿನದ್ದನ್ನು ಇವತ್ತೇ ಕೈಬಿಡಿ. 16 ದಿನದ್ದು ಕೂಡ ನನ್ನ ಲೆಕ್ಕದಲ್ಲಿ ಬಿಗಿಯಾಯಿತು, 18 ದಿನ ಕೇಳಿ. ಬರುವ ಸೆಪ್ಟೆಂಬರಿಗೆ ಹೊರಡಬಹುದೋ ಇಲ್ಲವೋ ಎಂಬುದು, ಅಷ್ಟರೊಳಗೆ ನೀವು ಹಿಮದ ಮೇಲೆ ನಡೆಯುವುದನ್ನು ಎಲ್ಲಿಯಾದರೂ ಕಲಿತು ಬರುತ್ತೀರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ನಿರ್ಧಾರವನ್ನು ಸಂಸ್ಥೆಯ ದರಪಟ್ಟಿ ನೋಡಿ ಮಾಡುವಂತಿಲ್ಲ.

ಕಾಲಾನಾಗ್ ಎತ್ತರ 6,387 ಮೀಟರ್. ನೀವು ಈವರೆಗೆ ಮುಟ್ಟಿರುವ ಗರಿಷ್ಠ ಎತ್ತರ ರೂಪಿನ್ ಪಾಸಿನದು, ಸುಮಾರು 4,650 ಮೀಟರ್. ಅಲ್ಲಿ ಕೂಡ ನೀವು ಕೆಲವು ನಿಮಿಷ ನಿಂತು ಇಳಿದಿದ್ದೀರಿ, ರಾತ್ರಿ ಮಲಗಿಲ್ಲ. ಎತ್ತರದ ವಿಷಯದಲ್ಲಿ ದೇಹ ಲೆಕ್ಕಕ್ಕೆ ಹಿಡಿಯುವುದು ಮುಖ್ಯವಾಗಿ ಮಲಗುವ ಜಾಗವನ್ನು. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಎಂದರೆ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅರ್ಧ. ಕಾಲಾನಾಗ್‌ನ ಕೊನೆಯ ಶಿಬಿರ ಇರುವುದು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಅಲ್ಲಿ ನೀವು ಊಟ ಮಾಡಬೇಕು, ನಿದ್ದೆಗೆ ಪ್ರಯತ್ನಿಸಬೇಕು, ನಡುರಾತ್ರಿ ಎದ್ದು ಬೂಟು ಕಟ್ಟಿಕೊಂಡು ಇನ್ನೂ ಸುಮಾರು 900 ಮೀಟರ್ ಹತ್ತಬೇಕು.

ಇದಕ್ಕೆ ದೇಹ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಮೊದಲು ಉಸಿರಾಟ ಜೋರಾಗುತ್ತದೆ. ಜೋರಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಆಗ ದೇಹವೇ ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಆ ಹೆಚ್ಚುವರಿ ಕ್ಷಾರವನ್ನು ಹೊರಹಾಕಿ ಸಮತೋಲನ ತರಲು ಕೆಲವು ದಿನ ಬೇಕು. ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಬೇಕು. ನೀವು ಎಷ್ಟು ಗಟ್ಟಿಮುಟ್ಟಾಗಿದ್ದರೂ ಈ ಕೆಲಸ ಬೇಗ ಮುಗಿಯುವುದಿಲ್ಲ. ಮ್ಯಾರಥಾನ್ ಓಡುವ ಹುಡುಗರಿಗೆ ಮೊದಲು ತಲೆನೋವು ಬಂದು, ಹಿಂದೆ ನಿಧಾನವಾಗಿ ಬಂದ ಹಿರಿಯರು ಚೆನ್ನಾಗಿರುವುದನ್ನು ನಾನು ತಂಡದಿಂದ ತಂಡಕ್ಕೆ ನೋಡುತ್ತಲೇ ಇರುತ್ತೇನೆ. ಬಲವಿದ್ದವನು ಬೇಗ ಹತ್ತುತ್ತಾನೆ, ಅದೇ ಅವನಿಗೆ ಮುಳುವಾಗುತ್ತದೆ.

ಅದಕ್ಕಾಗಿಯೇ ಪರ್ವತ ವೈದ್ಯಕೀಯದಲ್ಲಿ ಒಂದು ಸರಳ ನಿಯಮವಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಬೇಕು. ಈ ನಿಯಮವನ್ನು ನಿಮ್ಮ ದಾರಿಯ ಮೇಲಿಟ್ಟು ನೋಡೋಣ. ಮೊದಲ ದಿನ ಡೆಹ್ರಾಡೂನಿನಿಂದ ಪುರೋಲಾ, ಮೋರಿ ಮೂಲಕ ಸಾಂಕ್ರಿ. ಎರಡನೆಯ ದಿನ ತಾಲುಕಾವರೆಗೆ ಜೀಪು, ಅಲ್ಲಿಂದ ನಡೆದು ಓಸ್ಲಾ ಕೆಳಗಿನ ಸೀಮಾ. ಮೂರನೆಯ ದಿನ ದೇವ್ಸು ಥಾಚ್, ಅದು ಸುಮಾರು 3,000 ಮೀಟರ್. ಹರ್ ಕಿ ದೂನ್‌ಗೆ ಹೋದಾಗ ನೀವು ಎಡಕ್ಕೆ ತಿರುಗಿದ ಕಣಿವೆಗಳ ಸಂಗಮ ಅದರ ಹತ್ತಿರವೇ ಇದೆ, ಈ ಬಾರಿ ಬಲಗಡೆಯ ರುಯಿನ್‌ಸಾರಾ ಕಣಿವೆ ಹಿಡಿಯುತ್ತೀರಿ. ನಾಲ್ಕನೆಯ ದಿನ ರುಯಿನ್‌ಸಾರಾ ತಾಲ್, ಸುಮಾರು 3,500. ಐದನೆಯ ದಿನ ಅಲ್ಲೇ ವಿಶ್ರಾಂತಿ. ಆರನೆಯ ದಿನ ಕ್ಯಾರ್ಕೋಟಿ ಬೇಸ್ ಕ್ಯಾಂಪ್. ಏಳರಂದು ಮುಂದಿನ ಶಿಬಿರ, ಸುಮಾರು 4,500. ಎಂಟರಂದು ಸಾಮಾನು ಮೇಲೆ ಸಾಗಿಸಿ ಕೆಳಗೆ ಬಂದು ಮಲಗುವುದು. ಒಂಬತ್ತರಂದು ಕ್ಯಾಂಪ್ ಒಂದು, ಹತ್ತರಂದು ಮತ್ತೆ ಸಾಗಾಟ, ಹನ್ನೊಂದರಂದು ಕೊನೆಯ ಶಿಬಿರ, ಹನ್ನೆರಡರಂದು ಶಿಖರ. ಇಳಿದು ಡೆಹ್ರಾಡೂನ್ ಸೇರಲು ಇನ್ನೂ ನಾಲ್ಕು ದಿನ.

ಒಟ್ಟು 16 ದಿನವಾಯಿತು. ಇದರಲ್ಲಿ ಮಳೆಗೆಂದು, ಹಿಮಪಾತಕ್ಕೆಂದು, ಯಾರಿಗಾದರೂ ಹೊಟ್ಟೆ ಕೆಟ್ಟಿತೆಂದು ಒಂದು ದಿನವನ್ನೂ ನಾನು ಸೇರಿಸಿಲ್ಲ. ಹಿಮಾಲಯದಲ್ಲಿ ಎರಡು ದಿನವನ್ನಾದರೂ ಹವಾಮಾನಕ್ಕೆ ಎತ್ತಿಡದ ಯೋಜನೆ ಯೋಜನೆಯೇ ಅಲ್ಲ, ಅದಕ್ಕೇ 18 ಎಂದೆ. 11 ದಿನದ ಪಟ್ಟಿಯಲ್ಲಿ ಎಂಟನೆಯ ದಿನವೇ ಶಿಖರ ಮುಟ್ಟದಿದ್ದರೆ ವಾಪಸ್ ಬರಲು ದಿನ ಉಳಿಯುವುದಿಲ್ಲ. ಎರಡನೆಯ ರಾತ್ರಿ 2,500ರ ಆಸುಪಾಸಿನಲ್ಲಿ ಮಲಗಿದವರು ಏಳನೆಯ ರಾತ್ರಿ 5,500ರಲ್ಲಿ ಮಲಗಬೇಕು, ದಿನಕ್ಕೆ ಸುಮಾರು 600 ಮೀಟರಿನಂತೆ, ನಡುವೆ ಒಂದೂ ವಿಶ್ರಾಂತಿಯಿಲ್ಲದೆ. ಅಷ್ಟು ಅವಸರದಲ್ಲಿ ಹತ್ತಿ ಏನೂ ಆಗದೆ ಬಂದವರು ಇದ್ದಾರೆ. ಅವರ ಚಿತ್ರಗಳೇ ಜಾಹೀರಾತಿನಲ್ಲಿರುತ್ತವೆ.

ಕಡಿಮೆ ದಿನದ ಯೋಜನೆಯಲ್ಲಿ ಇನ್ನೂ ಒಂದು ಅಪಾಯವಿದೆ. ದಿನ ಉಳಿದಿಲ್ಲದಾಗ ಗೈಡ್ ಕೂಡ ಒತ್ತಡಕ್ಕೆ ಸಿಲುಕುತ್ತಾನೆ. ಹೊಸ ಹಿಮ ಬಿದ್ದ ಮೇಲೆ ಇಳಿಜಾರು ಗಟ್ಟಿಯಾಗಲು ಒಂದು ದಿನ ಕಾಯೋಣ ಎಂದು ಅವನ ಅನುಭವ ಹೇಳುತ್ತದೆ, ‘ನಾಳೆ ಹೋಗದಿದ್ದರೆ ಹೋದ ಹಾಗೇ ಇಲ್ಲ’ ಎಂದು ಕ್ಯಾಲೆಂಡರ್ ಹೇಳುತ್ತದೆ. ನೀವು ಕೊಡುವ ಹಣಕ್ಕೆ ನಿಜವಾಗಿ ಸಿಗಬೇಕಾದ್ದು ಎರಡೇ: ಸಾಕಷ್ಟು ದಿನಗಳು, ಮತ್ತು ‘ಇವತ್ತು ಬೇಡ’ ಎನ್ನುವ ಧೈರ್ಯವಿರುವ ಒಬ್ಬ ಮನುಷ್ಯ. ದಿನಗಳಿಲ್ಲದಿದ್ದರೆ ಆ ಮನುಷ್ಯನಿದ್ದೂ ಪ್ರಯೋಜನವಿಲ್ಲ.

2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ ನಡೆದದ್ದನ್ನು ಕನ್ನಡಿಗರಾದ ನಾವು ಮರೆಯುವಂತಿಲ್ಲ. ಬಹುಪಾಲು ಕರ್ನಾಟಕದವರೇ ಇದ್ದ, ಸ್ಥಳೀಯ ಗೈಡ್‌ಗಳೂ ಸೇರಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅದು ಹಗ್ಗ ಕಟ್ಟಿಕೊಂಡು ಏರುವ ಶಿಖರವಾಗಿರಲಿಲ್ಲ, ನೀವು ಮಾಡಿರುವಂಥದೇ ಚಾರಣ. ಅಲ್ಲಿಯ ಎತ್ತರ ಕಾಲಾನಾಗ್‌ನ ಬೇಸ್ ಕ್ಯಾಂಪಿಗಿಂತ ತುಸು ಹೆಚ್ಚು, ಅಷ್ಟೇ. 2022ರ ಅಕ್ಟೋಬರ್ 4ರಂದು ಅದೇ ಜಿಲ್ಲೆಯ ದ್ರೌಪದಿ ಕಾ ಡಾಂಡಾ–2ರಲ್ಲಿ ಹಿಮಕುಸಿತಕ್ಕೆ ಸಿಕ್ಕ ತಂಡದಲ್ಲಿ ಇದ್ದವರು ಪರ್ವತಾರೋಹಣ ಸಂಸ್ಥೆಯ ಶಿಕ್ಷಕರು ಮತ್ತು ಶಿಕ್ಷಣಾರ್ಥಿಗಳು. 27 ಜನರ ಶವ ಸಿಕ್ಕಿತು, ಇಬ್ಬರ ಸುಳಿವೇ ಸಿಗಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಗೈಡ್ ಇದ್ದಾರಲ್ಲ’ ಎಂಬ ಮಾತನ್ನು ಪುಣೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಆ ಮಾತಿನ ಮೇಲೆ ಪೂರ್ತಿ ಭಾರ ಹಾಕಬೇಡಿ ಎಂದು ಹೇಳಬೇಕಾಗಿದೆ.

ಇನ್ನು ಗೈಡ್ ಆಯ್ಕೆ. ಸಂಸ್ಥೆಯ ಹೆಸರಿಗಿಂತ ನಿಮ್ಮ ಜೊತೆ ಹಗ್ಗ ಕಟ್ಟಿಕೊಳ್ಳುವ ಮನುಷ್ಯ ಯಾರು ಎಂಬುದು ಮುಖ್ಯ. ಮುಂಗಡ ಕೊಡುವ ಮೊದಲೇ ತಂಡದ ನಾಯಕನ ಹೆಸರು ಕೇಳಿ, ಅವರ ಜೊತೆ ಫೋನಿನಲ್ಲಿ ಮಾತನಾಡಿ. ಪರ್ವತಾರೋಹಣದ ಬೇಸಿಕ್ ಮತ್ತು ಅಡ್ವಾನ್ಸ್ ಕೋರ್ಸ್ ಎಲ್ಲಿ ಮಾಡಿದ್ದಾರೆ, ಬೋಧನಾ ಕೋರ್ಸ್ ಅಥವಾ ಶೋಧ–ರಕ್ಷಣೆಯ ಕೋರ್ಸ್ ಮಾಡಿದ್ದಾರೆಯೇ, ಕಾಲಾನಾಗ್‌ಗೆ ಈಚೆಗೆ ಹೋದದ್ದು ಯಾವಾಗ, ಆಗ ಹಿಮನದಿಯ ಬಿರುಕುಗಳು ಹೇಗಿದ್ದವು ಎಂದು ಕೇಳಿ. ಹೋಗಿ ಬಂದವರು ಬಿರುಕುಗಳ ಬಗ್ಗೆ ಮಾತನಾಡುವ ರೀತಿಯೇ ಬೇರೆ. ಎಲ್ಲಿ ಎಡಕ್ಕೆ ಸುತ್ತಬೇಕಾಯಿತು, ಎಲ್ಲಿ ಹಗ್ಗ ಹಾಕಿದರು ಎಂದು ಕೇಳದೆಯೇ ಹೇಳತೊಡಗುತ್ತಾರೆ.

ಆಮೇಲೆ ಈ ಒಂದು ಪ್ರಶ್ನೆ ಕೇಳಿ: ‘ಕ್ಯಾಂಪ್ ಒಂದರಲ್ಲಿ ರಾತ್ರಿ ಹತ್ತು ಗಂಟೆಗೆ ನಮ್ಮಲ್ಲೊಬ್ಬರಿಗೆ ಉಸಿರುಕಟ್ಟತೊಡಗಿದರೆ ಅವರನ್ನು ಯಾರು ಕೆಳಗೆ ಕರೆದೊಯ್ಯುತ್ತಾರೆ? ಉಳಿದವರ ಜೊತೆ ಯಾರಿರುತ್ತಾರೆ?’ ನಿಮ್ಮ ಕಾಗದ ನೋಡಿ ನನಗೆ ಮೊದಲು ಹೊಳೆದದ್ದು ಇದೇ. ಆರು ಜನಕ್ಕೆ ಇಬ್ಬರು ಗೈಡ್ ಎಂದು ಹೇಳುವ ಸಂಸ್ಥೆಯ ಹತ್ತಿರ ಇದಕ್ಕೆ ಉತ್ತರವಿರುವುದಿಲ್ಲ. ಒಬ್ಬ ರೋಗಿಯ ಜೊತೆ ಇಳಿದರೆ ಐವರು ಒಬ್ಬನ ಪಾಲಾಗುತ್ತಾರೆ, ಆಗ ಒಂದೋ ಆರೋಹಣ ನಿಲ್ಲಬೇಕು, ಇಲ್ಲವೇ ಅಪಾಯದಲ್ಲಿ ಮುಂದುವರಿಯಬೇಕು. ಇಬ್ಬರಿಗೆ ಒಬ್ಬ ಗೈಡ್ ಎಂಬ ಲೆಕ್ಕ ಹಿಡಿಯಿರಿ, ನಿಮ್ಮ ತಂಡಕ್ಕೆ ಶಿಖರದ ದಿನ ಕನಿಷ್ಠ ಮೂವರು ಬೇಕು. ಆಮ್ಲಜನಕದ ಸಿಲಿಂಡರ್ ಯಾವ ಶಿಬಿರದವರೆಗೆ ಬರುತ್ತದೆ, ಅದು ಎಷ್ಟು ಗಂಟೆ ಸಾಕಾಗುತ್ತದೆ, ಶಿಬಿರಗಳ ನಡುವೆ ವಾಕಿಟಾಕಿ ಇದೆಯೇ, ಹಗ್ಗ ಎಷ್ಟು ಮೀಟರ್ ಒಯ್ಯುತ್ತಾರೆ ಎಂಬುದನ್ನೂ ಬರೆದು ತರಿಸಿಕೊಳ್ಳಿ.

ಶಿಖರದ ದಿನ ಎಷ್ಟು ಗಂಟೆಗೆ ಹಿಂತಿರುಗುವುದು ಎಂಬುದನ್ನು ಪುಣೆಯಲ್ಲಿರುವಾಗಲೇ ಮಾತನಾಡಿ ಮುಗಿಸಿ. ರಾತ್ರಿ ಒಂದು–ಎರಡಕ್ಕೆ ಹೊರಟ ತಂಡ ಹನ್ನೊಂದರ ಹೊತ್ತಿಗೆ ಎಲ್ಲಿದ್ದರೂ ಸರಿ, ಅಲ್ಲಿಂದಲೇ ತಿರುಗಬೇಕು. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗುತ್ತದೆ, ಬಿರುಕುಗಳ ಮೇಲಿನ ಹಿಮದ ಸೇತುವೆಗಳು ಸಡಿಲವಾಗುತ್ತವೆ, ಮಧ್ಯಾಹ್ನ ಮೋಡ ಕವಿಯುತ್ತದೆ. ಶಿಖರ ಇನ್ನು ನೂರು ಮೀಟರಿದೆ ಎನ್ನುವಾಗ ಈ ಚರ್ಚೆ ಆರಂಭಿಸಿದರೆ ಆಮ್ಲಜನಕ ಕಡಿಮೆಯಾದ ತಲೆ ಸರಿಯಾಗಿ ಯೋಚಿಸುವುದಿಲ್ಲ. ಆರೂ ಜನ ನಾಯಕನ ಎದುರು ಒಪ್ಪಿಕೊಂಡಿರಬೇಕು: ಅವರು ತಿರುಗಿ ಎಂದರೆ ಕಾರಣ ಕೇಳುವುದು ಕೆಳಗಿನ ಶಿಬಿರಕ್ಕೆ ಬಂದ ಮೇಲೆ.

ಪರವಾನಗಿಯ ವಿಷಯ ಬೇಗ ಮುಗಿಸುತ್ತೇನೆ. ಶಿಖರಗಳ ಅನುಮತಿಯ ವ್ಯವಹಾರ ಐಎಂಎಫ್ ಎಂದೇ ಎಲ್ಲರೂ ಕರೆಯುವ ದಿಲ್ಲಿಯ ಪರ್ವತಾರೋಹಣ ಪ್ರತಿಷ್ಠಾನದ ಮೂಲಕ ನಡೆಯುತ್ತ ಬಂದಿದೆ. ದಾರಿ ಗೋವಿಂದ ವನ್ಯಧಾಮದೊಳಗೆ ಹಾದುಹೋಗುವುದರಿಂದ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಕಾಗದಪತ್ರ ಸಂಸ್ಥೆಯೇ ಮಾಡಿಸುತ್ತದೆ, ಆದರೆ ನಿಮ್ಮ ಆರು ಹೆಸರುಗಳಿರುವ ಪ್ರತಿ ಹೊರಡುವ ಮೊದಲು ನಿಮ್ಮ ಕೈಯಲ್ಲಿರಲಿ. ಬರೀ ಚಾರಣದ ಪರವಾನಗಿ ಮಾಡಿಸಿ ಶಿಖರಕ್ಕೆ ಕರೆದೊಯ್ಯುವವರಿದ್ದಾರೆ, ಅಂಥ ತಂಡಕ್ಕೆ ಅಪಘಾತವಾದರೆ ವಿಮೆಯ ಹಣವೂ ಕೈಗೆ ಬರುವುದಿಲ್ಲ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಎಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಹಾಗಾಗಿ ಡೇರೆ ಎಲ್ಲೆಲ್ಲಿ ಹಾಕುತ್ತಾರೆ ಎಂದೂ ಕೇಳಿ.

ವಿಮೆ ಎಂದಾಗ ನೆನಪಾಯಿತು, ಕಚೇರಿಯಿಂದ ಸಿಕ್ಕಿರುವ ಆರೋಗ್ಯ ವಿಮೆಯನ್ನು ನಂಬಿ ಹೊರಡಬೇಡಿ. ಸಾಮಾನ್ಯ ಪಾಲಿಸಿಗಳಲ್ಲಿ ಪರ್ವತಾರೋಹಣವನ್ನು ಹೊರಗಿಡುವ ಷರತ್ತು ಇರುವುದೇ ಹೆಚ್ಚು. 6,000 ಮೀಟರ್ ದಾಟಿದ ಆರೋಹಣಕ್ಕೆ ಮತ್ತು ಹೆಲಿಕಾಪ್ಟರ್ ರಕ್ಷಣೆಗೆ ಅನ್ವಯಿಸುತ್ತದೆ ಎಂದು ಬರೆದಿರುವ ಪಾಲಿಸಿಯೇ ಬೇಕು. ಹೆಲಿಕಾಪ್ಟರ್ ಬಂದೇ ಬರುತ್ತದೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಮೋಡ ಮುಸುಕಿದ ದಿನ ಅದು ಹಾರುವುದಿಲ್ಲ, ಅಪಘಾತಗಳು ಹೆಚ್ಚು ಆಗುವುದೂ ಅಂಥ ದಿನಗಳಲ್ಲೇ.

ಉಪಗ್ರಹ ಫೋನಿನ ಬಗ್ಗೆ ಒಂದು ಎಚ್ಚರಿಕೆ. ದುಬೈಯಿಂದ ಬಂದ ಗೆಳೆಯನ ಕೈಯಲ್ಲಿ ತರಿಸಿಕೊಂಡ ಉಪಗ್ರಹ ಫೋನು ಅಥವಾ ಉಪಗ್ರಹ ಸಂದೇಶ ಸಾಧನವನ್ನು ಚೀಲದಲ್ಲಿಟ್ಟುಕೊಂಡು ಹೋಗಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಬಳಸುವುದು ಭಾರತದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದವರಿದ್ದಾರೆ. ಅಧಿಕೃತ ಉಪಗ್ರಹ ಫೋನ್ ವ್ಯವಸ್ಥೆ ಇದೆಯೇ ಎಂದು ಸಂಸ್ಥೆಯನ್ನೇ ಕೇಳಿ. ಇಲ್ಲವೆಂದರೆ ತುರ್ತು ಸುದ್ದಿಯನ್ನು ಕೆಳಗೆ ತಲುಪಿಸಲು ಯಾರು ಓಡುತ್ತಾರೆ ಎಂಬುದು ಮೊದಲೇ ಗೊತ್ತಾಗಿರಬೇಕು.

ತಯಾರಿಯ ವಿಷಯಕ್ಕೆ ಬರೋಣ. ಸಹ್ಯಾದ್ರಿಯಂಥ ಪಾಠಶಾಲೆ ಪುಣೆಯವರಿಗೆ ಸಿಕ್ಕಿರುವುದು ದೊಡ್ಡ ಭಾಗ್ಯ. ಇಲ್ಲಿಯ ಬಂಡೆ, ಜಾರುವ ಮಣ್ಣು, ಕಡಿದಾದ ಇಳಿಜಾರು ಕಾಲಿಗೆ ಕೊಡುವ ಸಮತೋಲನ ಬೇರೆ ಊರಿನವರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646 ಮೀಟರ್. ಗಾಳಿ ತೆಳುವಾಗುವುದನ್ನೂ ಹಿಮವನ್ನೂ ಸಹ್ಯಾದ್ರಿ ಕಲಿಸಲಾರದು. ಅದು ಕಲಿಸಬಲ್ಲದ್ದನ್ನು ಪೂರ್ತಿ ಕಲಿತುಕೊಳ್ಳಿ. ಆತಕರವಾಡಿಯಿಂದ ಸಿಂಹಗಡ ಹತ್ತುವಾಗ ಗಡಿಯಾರ ನೋಡುವುದನ್ನು ಬಿಟ್ಟು ಬೆನ್ನಿಗೆ 12ರಿಂದ 15 ಕಿಲೋ ಹಾಕಿಕೊಳ್ಳಿ, ಮೇಲೆ ಹೋಗಿ ಪಿಠಲ–ಭಾಕರಿಗೆ ಕೂರದೆ ಇಳಿದು ಮತ್ತೊಮ್ಮೆ ಹತ್ತಿ. ಕೊನೆಯ ತಿಂಗಳುಗಳಲ್ಲಿ ಕಾತ್ರಜ್‌ನಿಂದ ಸಿಂಹಗಡಕ್ಕೆ ಗುಡ್ಡದಿಂದ ಗುಡ್ಡಕ್ಕೆ ಹಾಯುವ ರಾತ್ರಿ ನಡಿಗೆಯನ್ನು ಅದೇ ಹೊರೆಯೊಂದಿಗೆ ಮಾಡಿ. ಶಿಖರದ ದಿನ ನಿಮಗೆ ಬೇಕಾಗುವುದು ಇಂಥದೇ ನಡಿಗೆ, ನಿದ್ದೆಗೆಟ್ಟು, ತಲೆದೀಪದ ಬೆಳಕಿನಲ್ಲಿ, ಹತ್ತು–ಹನ್ನೆರಡು ಗಂಟೆ ನಿಧಾನವಾಗಿ ನಿಲ್ಲದೆ ನಡೆಯುವುದು.

ಹಗ್ಗದ ಕೆಲಸವನ್ನೂ ಇಲ್ಲೇ ಕಲಿಯಬಹುದು. 1982ರಲ್ಲಿ ಆರಂಭವಾಗಿ 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಏರಿದ ಗಿರಿಪ್ರೇಮಿಯಂಥ ಸಂಘಗಳು ಪುಣೆಯಲ್ಲೇ ಇವೆ. ಅಂಥ ಸಂಘಗಳ ಹಿರಿಯರ ಬಳಿ ಹೋಗಿ ಕೂತರೆ ಕಾಲಾನಾಗ್ ಹತ್ತಿ ಬಂದವರ ಪರಿಚಯವೂ ಆದೀತು. ಅಲ್ಲಿ ಒಂದು ಕೆಲಸವನ್ನು ಮಾತ್ರ ಕಣ್ಣುಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೊನೆಯ ಕಡಿದಾದ ಇಳಿಜಾರಿನಲ್ಲಿ ಗೈಡ್‌ಗಳು ಹಗ್ಗ ಕಟ್ಟಿರುತ್ತಾರೆ. ನಿಮ್ಮ ಸೊಂಟದ ಹಾರ್ನೆಸ್‌ನಿಂದ ಎರಡು ಪಟ್ಟಿಗಳು ಹೊರಟಿರುತ್ತವೆ. ಒಂದರ ತುದಿಯಲ್ಲಿ ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಜಾರುವ ಹಿಡಿಕೆ), ಇನ್ನೊಂದರಲ್ಲಿ ಬರೀ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ), ಎರಡೂ ಹಗ್ಗದ ಮೇಲೆ. ಹಗ್ಗವನ್ನು ಹಿಮಕ್ಕೆ ಬಿಗಿದ ಗಂಟಿನ ಬಳಿ ಬಂದಾಗ ಮೊದಲು ಕ್ಯಾರಬಿನರ್ ಬಿಚ್ಚಿ ಗಂಟಿನ ಮೇಲ್ಭಾಗದ ಹಗ್ಗಕ್ಕೆ ಹಾಕಬೇಕು, ಅದು ಬಿಗಿಯಾಗಿದೆಯೇ ಎಂದು ಎಳೆದು ನೋಡಬೇಕು, ಆಮೇಲಷ್ಟೇ ಜುಮಾರ್ ತೆಗೆದು ಮೇಲೆ ಕೂಡಿಸಬೇಕು. ಎರಡೂ ಒಟ್ಟಿಗೆ ಹಗ್ಗದಿಂದ ಹೊರಗಿರುವ ಕ್ಷಣವೇ ಬರಬಾರದು. ಮನೆಯಲ್ಲಿ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ದಪ್ಪ ಕೈಗವಸು ಹಾಕಿಕೊಂಡು, ದೀಪ ಆರಿಸಿ ಅಭ್ಯಾಸ ಮಾಡಿ. ಬರಿಗೈಯಲ್ಲಿ ಹಗಲು ಹೊತ್ತಿನಲ್ಲಿ ಅರ್ಧ ನಿಮಿಷದ ಕೆಲಸ ಅದು. ಮೈನಸ್ 15 ಡಿಗ್ರಿಯಲ್ಲಿ, ಹಿಂದೆ ಐದು ಜನ ಕಾಯುತ್ತಿರುವಾಗ, ಜುಮಾರಿನ ಚಿಲಕಕ್ಕೆ ಮಂಜು ಕಟ್ಟಿರುವಾಗ ಅದೇ ಕೆಲಸಕ್ಕೆ ಬೆರಳುಗಳು ಮಾತು ಕೇಳುವುದಿಲ್ಲ, ಕೈಗವಸು ತೆಗೆಯುವ ಆಸೆ ಬರುತ್ತದೆ. ತೆಗೆದವರ ಬೆರಳುಗಳು ಹಿಮಗಡಿತಕ್ಕೆ ತುತ್ತಾಗುತ್ತವೆ.

ಹಿಮ ಮಾತ್ರ ಹಿಮದ ಮೇಲೆಯೇ ಕಲಿಯುವ ವಿದ್ಯೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಸಂಸ್ಥೆ, ಮನಾಲಿಯ ಸರ್ಕಾರಿ ಸಂಸ್ಥೆ, ಇವುಗಳ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್‌ಗಿಂತ ಒಳ್ಳೆಯ ಬುನಾದಿ ಇಲ್ಲ. ಆದರೆ ವಯೋಮಿತಿ ಇದೆ, ಜಾಗ ಸಿಗುವುದೂ ತಡ. ನಿಮ್ಮಲ್ಲಿ ಕಿರಿಯ ಇಬ್ಬರಾದರೂ ಅರ್ಜಿ ಹಾಕಲಿ. ಉಳಿದವರು ಮೇ–ಜೂನ್‌ನಲ್ಲಿ ಮನಾಲಿ ಬಳಿಯ 5,289 ಮೀಟರಿನ ಫ್ರೆಂಡ್‌ಶಿಪ್ ಪೀಕ್‌ಗೆ, ಹಿಮಶಿಕ್ಷಣದ ದಿನಗಳೂ ಸೇರಿರುವ ತಂಡದೊಂದಿಗೆ ಹೋಗಿ ಬರಲಿ. ಬೂಟಿನ ಅಡಿಗೆ ಉಕ್ಕಿನ ಮೊಳೆಗಳ ಕ್ರ್ಯಾಂಪಾನ್ ಕಟ್ಟಿ ನಡೆಯುವುದು, ಜಾರಿದಾಗ ಹಿಮಗೊಡಲಿ (ಐಸ್ ಆಕ್ಸ್) ಊರಿ ತಡೆದುಕೊಳ್ಳುವುದು, ಹಗ್ಗದಲ್ಲಿ ಒಟ್ಟಿಗೆ ಕಟ್ಟಿಕೊಂಡು ಹಿಮನದಿ ದಾಟುವುದು ಇವಿಷ್ಟು ಅಲ್ಲಿ ಕೈಹತ್ತಿದರೆ, ಅದೇ ತಂಡವನ್ನು ಸೆಪ್ಟೆಂಬರಿನಲ್ಲಿ ಕಾಲಾನಾಗ್‌ಗೆ ಕಳಿಸಲು ನನಗೆ ಹಿಂಜರಿಕೆಯಿಲ್ಲ. ಅದಾಗದಿದ್ದರೆ ಶಿಖರವನ್ನು ಮುಂದಿನ ವರ್ಷಕ್ಕಿಡಿ. ಕೆಲವರು ಲಡಾಖಿನ ಸ್ತೋಕ್ ಕಾಂಗ್ರಿಯಿಂದ ಆರಂಭಿಸಿ ಎನ್ನಬಹುದು. ಅದನ್ನು 2020ರಲ್ಲಿ ಆರೋಹಣಕ್ಕೆ ಮುಚ್ಚಲಾಯಿತು, ಹಳೆಯ ಸಲಹೆಗಳನ್ನು ನಂಬಿ ಮುಂಗಡ ಕೊಡಬೇಡಿ.

ಕಾಕಾ ಅವರ ವಿಷಯ. 54 ವಯಸ್ಸು ಅಡ್ಡಿಯಲ್ಲ, ಹತೋಟಿಯಲ್ಲಿರುವ ಬಿಪಿಯೂ ತನ್ನಷ್ಟಕ್ಕೆ ಅಡ್ಡಿಯಲ್ಲ. ಎತ್ತರದಲ್ಲಿ ಮೊದಲ ಕೆಲವು ದಿನ ಎಲ್ಲರ ಬಿಪಿಯೂ ಸ್ವಲ್ಪ ಏರುತ್ತದೆ, ಅವರದು ಇನ್ನಷ್ಟು ಏರಬಹುದು. ಯಾವ ಮಾತ್ರೆ ಎಂಬುದು ಮುಖ್ಯ. ಕೆಲವು ಮಾತ್ರೆಗಳು ಹೃದಯದ ಬಡಿತ ಏರದಂತೆ ತಡೆಯುತ್ತವೆ, ಕೆಲವು ಮೂತ್ರ ಹೆಚ್ಚಿಸಿ ನೀರಿನಂಶ ಕಡಿಮೆ ಮಾಡುತ್ತವೆ, ಎರಡೂ ಎತ್ತರದಲ್ಲಿ ತೊಡಕಾಗಬಲ್ಲವು. ಹೃದಯತಜ್ಞರ ಬಳಿ ‘6,000 ಮೀಟರ್ ಹತ್ತುತ್ತಿದ್ದೇನೆ’ ಎಂದು ಸ್ಪಷ್ಟವಾಗಿ ಹೇಳಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಲಿ. ಬರೀ ‘ಟ್ರೆಕ್ಕಿಂಗ್’ ಎಂದರೆ ವೈದ್ಯರು ಮಹಾಬಳೇಶ್ವರ ಎಂದುಕೊಳ್ಳುತ್ತಾರೆ. ಡಯಾಮಾಕ್ಸ್ ಮಾತ್ರೆಯ ಬಗ್ಗೆ ಆರೂ ಜನ ವೈದ್ಯರನ್ನೇ ಕೇಳಿ. ಅದು ಹೆಚ್ಚುವರಿ ಕ್ಷಾರವನ್ನು ಹೊರಹಾಕುವ ಮೂತ್ರಪಿಂಡದ ಕೆಲಸವನ್ನು ಬೇಗ ಮಾಡಿಸಿ ದೇಹ ಹೊಂದಿಕೊಳ್ಳಲು ನೆರವಾಗುತ್ತದೆ, ಸಲ್ಫಾ ಔಷಧಿಗಳ ಅಲರ್ಜಿ ಇರುವವರು ಅದನ್ನು ಮೊದಲೇ ತಿಳಿಸಬೇಕು. ಮಾತ್ರೆ ಇದೆಯೆಂದು ದಿನ ಕಡಿತಗೊಳಿಸುವಂತಿಲ್ಲ. ಜೂನ್‌ನ 5,000 ಮೀಟರಿನ ಅಭ್ಯಾಸದಲ್ಲಿ ಕಾಕಾ ಚೆನ್ನಾಗಿದ್ದರೆ ಬರಲಿ. ಅಲ್ಲಿ ತೊಂದರೆಯಾದರೆ ಕ್ಯಾರ್ಕೋಟಿವರೆಗೆ ಬಂದು ಬೇಸ್ ಕ್ಯಾಂಪಿನಲ್ಲಿ ವಾಕಿಟಾಕಿ ಹಿಡಿದು ಕೂರಲಿ. ಕೆಳಗೆ ತಮ್ಮವರೊಬ್ಬರು ಕಿವಿಗೊಟ್ಟು ಕೂತಿದ್ದಾರೆ ಎಂಬುದು ಮೇಲಿನವರಿಗೆ ಎಷ್ಟು ಬಲ ಕೊಡುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ಎತ್ತರದ ಕಾಯಿಲೆಯ ಮೂರು ಲಕ್ಷಣಗಳನ್ನು ಆರೂ ಜನ ಬಾಯಿಪಾಠ ಮಾಡಿಕೊಳ್ಳಿ. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು ಬಂದರೆ ಇನ್ನೂ ಮೇಲೆ ಹೋಗಬೇಡಿ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಕೂಡಲೇ ಇಳಿಯಿರಿ. ಮಾತು ತೊದಲಿದರೆ, ನಡಿಗೆ ತಪ್ಪಿದರೆ ಮೆದುಳಿಗೆ ತಾಗಿದೆ, ಬೆಳಗಾಗಲಿ ಎಂದು ಕಾಯದೆ ಇಳಿಯಿರಿ. ಸಂದೇಹ ಬಂದರೆ ಊಟದ ಡೇರೆಯ ಮುಂದೆ ನೇರ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಡೆಸಿ ನೋಡಿ. ಆರೋಗ್ಯವಂತ ನಗುತ್ತಾ ನಡೆಯುತ್ತಾನೆ, ಕಾಯಿಲೆ ಬಿದ್ದವನು ಎರಡನೇ ಹೆಜ್ಜೆಗೇ ಪಕ್ಕಕ್ಕೆ ವಾಲುತ್ತಾನೆ. ಆಮ್ಲಜನಕದ ಅಂಶ ತೋರಿಸುವ ಬೆರಳ ಯಂತ್ರಕ್ಕಿಂತ ಈ ಗೆರೆಯನ್ನೇ ನಾನು ಹೆಚ್ಚು ನಂಬುತ್ತೇನೆ, ತಣ್ಣಗಿನ ಬೆರಳಿನ ಮೇಲೆ ಆ ಯಂತ್ರ ತಪ್ಪು ತೋರಿಸುವುದುಂಟು. ಲಕ್ಷಣವನ್ನು ಮುಚ್ಚಿಡುವವರು ಪ್ರತಿ ತಂಡದಲ್ಲೂ ಇರುತ್ತಾರೆ, ತನ್ನಿಂದ ಇತರರ ಶಿಖರ ತಪ್ಪೀತು ಎಂಬ ಸಂಕೋಚದಿಂದ. ಅದಕ್ಕೇ ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ, ಪ್ರತಿಯೊಬ್ಬರೂ ತನ್ನ ಜೋಡಿಯ ಸ್ಥಿತಿಯನ್ನು ನಾಯಕನಿಗೆ ಹೇಳಲಿ.

ಊಟದ ಬಗ್ಗೆ ನಮ್ಮವರಿಗೆ ಒಂದು ಅನುಕೂಲವಿದೆ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ. 5,500 ಮೀಟರಿನಲ್ಲಿ ನೀರು ಸುಮಾರು 82 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ–ಬೇಳೆ ಬೇಯುವುದಿಲ್ಲ, ಪೊಟ್ಟಣದ ನೂಡಲ್ಸ್ ಮೂರನೆಯ ದಿನಕ್ಕೆ ಬೇಸರ ಬರುತ್ತದೆ. ಆಗ ಊರಿನಿಂದ ತಂದ ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ನಿಜಕ್ಕೂ ಜೀವ ಉಳಿಸುತ್ತವೆ. ಕಡಕ್ ರೊಟ್ಟಿ ಬೇಸ್ ಕ್ಯಾಂಪಿಗೆ ಚೆನ್ನ, ಮೇಲಿನ ಶಿಬಿರದಲ್ಲಿ ಬಾಯಿ ಒಣಗಿರುವಾಗ ಗಂಟಲಲ್ಲಿ ಇಳಿಯದು. ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು, ಅಷ್ಟನ್ನೂ ಹಿಮ ಕರಗಿಸಿ ಮಾಡಬೇಕು, ಇಂಧನದ ಲೆಕ್ಕ ಸಂಸ್ಥೆಯಿಂದ ಕೇಳಿಕೊಳ್ಳಿ. ಗ್ಯಾಸ್ ಕ್ಯಾನಿಸ್ಟರುಗಳನ್ನು ಪುಣೆಯಿಂದ ಒಯ್ಯಬೇಡಿ, ವಿಮಾನದಲ್ಲೂ ರೈಲಿನಲ್ಲೂ ಅವಕ್ಕೆ ಅವಕಾಶವಿಲ್ಲ.

ಸಲಕರಣೆಯಲ್ಲಿ ಬೂಟು ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಎರಡು ಪದರದ ಆರೋಹಣದ ಬೂಟುಗಳನ್ನು ಬಾಡಿಗೆಗೆ ಪಡೆಯುವಿರಾದರೆ ದಪ್ಪ ಕಾಲುಚೀಲ ಹಾಕಿ, ಆ ಬೂಟಿಗೇ ಕ್ರ್ಯಾಂಪಾನ್ ಹೊಂದಿಸಿ ಸಾಂಕ್ರಿಯಲ್ಲೇ ಪರೀಕ್ಷಿಸಿ. ಕೊನೆಯ ಶಿಬಿರದಲ್ಲಿ ಕ್ರ್ಯಾಂಪಾನ್ ಸಡಿಲವೆಂದು ಗೊತ್ತಾದರೆ ಮಾಡಬಹುದಾದದ್ದು ಏನೂ ಇಲ್ಲ. ಹಿಮಕ್ಕೆ ತಕ್ಕ, ಪಕ್ಕಗಳೂ ಮುಚ್ಚಿರುವ ಕಪ್ಪು ಕನ್ನಡಕ ಪ್ರತಿಯೊಬ್ಬರಿಗೂ ಬೇಕು, ತಂಡಕ್ಕೆ ಎರಡು ಹೆಚ್ಚುವರಿಯೂ ಇರಲಿ.

ಸಾಂಕ್ರಿಯಲ್ಲಿ ಸಾಮಾನು ಹೊರಿಸುವಾಗ ಪೋರ್ಟರ್‌ಗಳ ಕಾಲುಗಳನ್ನು ನೋಡಿ. ಹರಿದ ಕ್ಯಾನ್ವಾಸ್ ಬೂಟು ಹಾಕಿದ ಹುಡುಗನನ್ನು ಹಿಮದ ಶಿಬಿರಕ್ಕೆ ಕಳಿಸುವ ಸಂಸ್ಥೆ ನಿಮ್ಮ ಕಷ್ಟಕಾಲದಲ್ಲಿ ನಿಮ್ಮನ್ನೂ ಅಷ್ಟೇ ಅಗ್ಗವಾಗಿ ಕಾಣುತ್ತದೆ. ಅವರಿಗೆ ವಿಮೆ ಇದೆಯೇ, ಮಲಗಲು ಡೇರೆ ಇದೆಯೇ, ಹೊರೆಗೆ ಮಿತಿ ಇದೆಯೇ ಎಂದು ಮುಂಗಡ ಕೊಡುವಾಗಲೇ ಕೇಳಿ. ಎರಡು ಸಂಸ್ಥೆಗಳ ದರದ ಅಂತರ ಎಲ್ಲಿಂದ ಬರುತ್ತದೆ ಎಂದು ಹುಡುಕಿದರೆ, ಕಡಿತವಾಗಿರುವುದು ದಿನಗಳಲ್ಲಿ, ಗೈಡ್‌ಗಳ ಸಂಖ್ಯೆಯಲ್ಲಿ ಮತ್ತು ಈ ಹುಡುಗರ ಮೈಮೇಲಿನ ಬಟ್ಟೆಯಲ್ಲಿ ಎಂಬುದು ಕಾಣುತ್ತದೆ.

ದಿನ ಗೊತ್ತುಮಾಡುವಾಗ ಗಣೇಶೋತ್ಸವ ಯಾವ ವಾರ ಮುಗಿಯುತ್ತದೆ ಎಂದು ನೋಡುವುದು ಪುಣೆಯವರ ಅಭ್ಯಾಸ. ನೀವು ಮುಂಗಾರು ಹಿಂದೆ ಸರಿಯುವುದನ್ನು ನೋಡಿ. ಉತ್ತರಾಖಂಡದಿಂದ ಅದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೊರಡುತ್ತದೆ. ಅದಕ್ಕಿಂತ ಮೊದಲು ಮೋರಿ–ಸಾಂಕ್ರಿ ರಸ್ತೆಯಲ್ಲಿ ಗುಡ್ಡ ಕುಸಿಯುವ ಭಯ, ತೀರಾ ತಡವಾದರೆ ಚಳಿ ಮತ್ತು ಅಕಾಲದ ಹಿಮದ ಭಯ. 2021ರ ಅಕ್ಟೋಬರ್ ಮಧ್ಯದಲ್ಲಿ ಸುರಿದ ಮಳೆ–ಹಿಮಕ್ಕೆ ಉತ್ತರಾಖಂಡದಲ್ಲಿ ಚಾರಣಿಗರು ಬಲಿಯಾದರು. ಸೆಪ್ಟೆಂಬರ್ ಮಧ್ಯದಲ್ಲಿ ಡೆಹ್ರಾಡೂನ್ ಬಿಟ್ಟು ತಿಂಗಳ ಕೊನೆಯ ವಾರ ಶಿಖರದ ಬುಡದಲ್ಲಿರುವಂತೆ ಲೆಕ್ಕ ಹಾಕಿ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿ ಸೇರಿ ಮುಂದೆ ಹೋಗುವಿರಾದರೆ, ಹೋಗಿಬರುವ ಪ್ರಯಾಣವೂ ಕೂಡಿ ಕಚೇರಿಗೆ ಮೂರು ವಾರಕ್ಕೂ ಹೆಚ್ಚಿನ ರಜೆಯ ಅರ್ಜಿ ಈಗಲೇ ಹಾಕಬೇಕು. ವಾಪಸಿನ ಟಿಕೆಟ್ ದಿನ ಬದಲಿಸಬಹುದಾದದ್ದಾಗಿರಲಿ.

ಹೊರಡುವ ಮುನ್ನ ಮನೆಯವರ ಕೈಗೆ ಒಂದು ಹಾಳೆ ಕೊಡಿ. ಅದರಲ್ಲಿ ದಿನವಾರು ಶಿಬಿರಗಳ ಹೆಸರು, ಪರವಾನಗಿಯ ಪ್ರತಿ, ಸಂಸ್ಥೆಯ ಮತ್ತು ತಂಡದ ನಾಯಕನ ಫೋನ್ ನಂಬರ್, ಉತ್ತರಕಾಶಿ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ನಂಬರ್, ಆರೂ ಜನರ ರಕ್ತದ ಗುಂಪು ಇರಲಿ. ಸಾಂಕ್ರಿ ದಾಟಿದ ಮೇಲೆ ಫೋನ್ ಬರುವುದಿಲ್ಲ, ಬರಲಿಲ್ಲವೆಂದು ಗಾಬರಿಯಾಗಬೇಡಿ ಎಂದು ಅವರಿಗೆ ಬಿಡಿಸಿ ಹೇಳಿ. ಯಾವ ತಾರೀಖು ದಾಟಿದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹಾಳೆಯ ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ತಾರೀಖನ್ನು ಗೊತ್ತುಮಾಡುವಾಗ ಹವಾಮಾನಕ್ಕೆಂದು ಎತ್ತಿಟ್ಟ ಎರಡು ದಿನಗಳನ್ನೂ ಸೇರಿಸಿಕೊಳ್ಳಿ.